ಫ್ರೀಜಿನ ದಿನಗಳಲ್ಲಿ ಒಂದು ಅವಾಂತರ

ಮಾರ್ಚ್ ಕೊನೆಯ ವಾರವೆಂದರೇನು ಎಂಬುದನ್ನು ಸರ್ಕಾರಿ ಗುಮಾಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಬಿಲ್ಲು ಪಾಸಾಗುವುದಿದ್ದರೆ 31ರೊಳಗೆ ಆಗಬೇಕು. ಆಮೇಲೆ ತಪ್ಪು ತಿದ್ದಬಹುದೇ ಹೊರತು ಹೊಸ ಖರ್ಚು ತುರುಕುವಂತಿಲ್ಲ. ದೆಹಲಿಯ ಕಚೇರಿಯೊಂದರಲ್ಲಿ ಅಕ್ಕಪಕ್ಕದ ಮೇಜಿನಲ್ಲಿ ಕುಳಿತು ವರ್ಷವರ್ಷವೂ ಈ ಪಾಠವನ್ನು ಊರಿಗೆಲ್ಲ ಒಪ್ಪಿಸುವ ನಾವಿಬ್ಬರೇ ಅದನ್ನು ಮರೆತ ಕಥೆ ಇದು.

ಡೆಬಿಯನ್ ಎಂಬುದು 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ, ನಾನಾ ದೇಶಗಳ ಸ್ವಯಂಸೇವಕರು ನಡೆಸಿಕೊಂಡು ಬಂದಿರುವ ಕಂಪ್ಯೂಟರ್ ವ್ಯವಸ್ಥೆ. ನಮ್ಮ ಸಿ-ಡ್ಯಾಕ್ ಹೊರತಂದ ‘ಬಾಸ್’ ಲಿನಕ್ಸ್ ಕೂಡ ಅದೇ ಬೇರಿನಿಂದ ಚಿಗುರಿದ್ದು. ಅದರಲ್ಲಿ ಸಾವಿರಾರು ಪ್ಯಾಕೇಜುಗಳು. ಎಷ್ಟೋ ಪ್ಯಾಕೇಜುಗಳಿಗೆ ದಿಕ್ಕು ಒಬ್ಬರೋ ಇಬ್ಬರೋ. ನಮ್ಮ ಪಾಲಿಗೆ ಬಂದದ್ದು ವಿಳಾಸದ ಚೀಟಿ ಅಚ್ಚುಹಾಕುವ ಒಂದು ಪುಟ್ಟ ಪ್ರೋಗ್ರಾಂ. ಈ ಪತ್ರಿಕೆಯ ಲಕೋಟೆಗಳ ಮೇಲಿನ ವಿಳಾಸಗಳೂ ಅದರಿಂದಲೇ ಮೂಡುವುದು. ಆದ್ದರಿಂದ ಅದರ ಮೇಲೆ ನಮಗೊಂದಿಷ್ಟು ಮಮಕಾರ.

ಪ್ಯಾಕೇಜಿನ ಹೊಸ ಆವೃತ್ತಿ ಮೊದಲು ‘ಅನ್‌ಸ್ಟೇಬಲ್’ ಎಂಬ ಅಂಗಳಕ್ಕೆ ಬರುತ್ತದೆ. ಅದರ ಇನ್ನೊಂದು ಹೆಸರು ಸಿಡ್. ‘ಟಾಯ್ ಸ್ಟೋರಿ’ ಚಿತ್ರದಲ್ಲಿ ಆಟಿಕೆಗಳನ್ನು ಮುರಿದುಹಾಕುವ ಪೋರನ ಹೆಸರು! ಅಲ್ಲಿ ಕೆಲವು ದಿನ ತಂಟೆಯಿಲ್ಲದೆ ಕಳೆದರೆ ‘ಟೆಸ್ಟಿಂಗ್’ ಎಂಬ ನಡುಮನೆಗೆ ಪ್ರವೇಶ. ಆ ನಡುಮನೆಯೇ ಮುಂದೆ ಬಿಡುಗಡೆಯಾಗುವ ಆವೃತ್ತಿ. ಬಿಡುಗಡೆಗೆ ಕೆಲವು ತಿಂಗಳ ಮುಂಚೆಯೇ ಅದರ ಬಾಗಿಲನ್ನು ಹಂತಹಂತವಾಗಿ ಮುಚ್ಚುತ್ತಾರೆ. ಇದಕ್ಕೆ ಫ್ರೀಜ್ ಎನ್ನುತ್ತಾರೆ. 13ನೆಯ ಆವೃತ್ತಿಯಾದ ‘ಟ್ರಿಕ್ಸಿ’ಗೆ 2025ರ ಏಪ್ರಿಲ್ 15ರಿಂದ ಮೃದು ಫ್ರೀಜ್, ಮೇ 15ರಿಂದ ಗಟ್ಟಿ ಫ್ರೀಜ್. ಮೃದುವಿನಲ್ಲಿ ಸಣ್ಣ ತಿದ್ದುಪಡಿಗಳನ್ನಷ್ಟೇ ಕಳಿಸಬೇಕು, ಅವೂ ಹತ್ತು ದಿನ ಅಂಗಳದಲ್ಲಿ ಕಾಯಬೇಕು. ಗಟ್ಟಿಯಾದ ಮೇಲೆ, ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ಏರ್ಪಾಡಿಲ್ಲದ ನಮ್ಮಂಥ ಪ್ಯಾಕೇಜಿಗೆ ಬಿಡುಗಡೆ ತಂಡದವರೇ ಚಿಲಕ ತೆಗೆಯಬೇಕು.

ಟೆಸ್ಟಿಂಗಿನಲ್ಲಿದ್ದದ್ದು ನಮ್ಮ 1.4. ಏಪ್ರಿಲ್ ಕೊನೆಗೆ ಪ್ರೋಗ್ರಾಂ ಬರೆದವರು 2.0 ಹೊರತಂದರು. ಅದರಲ್ಲಿ ಕನ್ನಡದ ಒತ್ತಕ್ಷರಗಳು ಚೀಟಿಯ ಕೆಳಅಂಚಿನಲ್ಲಿ ಕತ್ತರಿಸಿಹೋಗುತ್ತಿರಲಿಲ್ಲ. ಎಷ್ಟು ವರ್ಷದಿಂದ ಅವರನ್ನು ಕಾಡಿದ್ದೆವೋ! ಆ ಸಂಭ್ರಮದಲ್ಲಿ ಮೇ 8ರ ರಾತ್ರಿ ಅದನ್ನು ಸಿಡ್‌ಗೆ ಏರಿಸಿಯೇಬಿಟ್ಟೆವು. ಎಂಟಕ್ಕೆ ಹತ್ತು ಕೂಡಿದರೆ ಹದಿನೆಂಟು. ಬಾಗಿಲು ಮುಚ್ಚುವುದು ಹದಿನೈದಕ್ಕೆ. ಬಿ.ಎಸ್ಸಿ. ಓದಿದ್ದಕ್ಕೆ ಇಷ್ಟಾದರೂ ಲೆಕ್ಕ ಬರಬೇಡವೇ? ಇಂಥವನ್ನು ಇಡಲೆಂದೇ ‘ಎಕ್ಸ್‌ಪೆರಿಮೆಂಟಲ್’ ಎಂಬ ಬೇರೆ ಅಟ್ಟವಿದೆ. ಅದೂ ನೆನಪಾಗಲಿಲ್ಲ.

ಹೋಗಲಿ, ಅಂಗಳದಲ್ಲೇ ಬಿದ್ದಿರಲಿ ಎಂದುಕೊಂಡು ಸುಮ್ಮನಾದೆವು. ಜೂನ್ ಮೊದಲ ವಾರ ಬಳಕೆದಾರರೊಬ್ಬರ ದೂರು ಬಂತು: 1.4ರಲ್ಲಿ, ಡಿಸ್ಕು ಭರ್ತಿಯಾಗಿರುವಾಗ ಪಟ್ಟಿಯನ್ನು ಉಳಿಸಹೋದರೆ ಹಳೆಯ ಪಟ್ಟಿಯೂ ಅಳಿಸಿ ಖಾಲಿಯಾಗುತ್ತದೆ. ಅವರ ನಾನೂರು ವಿಳಾಸಗಳು ಹಾಗೆ ಹೋಗಿದ್ದವು. ಇಂಥ ದೋಷವಿರುವ ಪ್ಯಾಕೇಜನ್ನು ಬಿಡುಗಡೆಯಿಂದಲೇ ಕೈಬಿಡುತ್ತಾರೆ. ತಿದ್ದುಪಡಿಯೇನೋ ನಾಲ್ಕೇ ಸಾಲು. ಆದರೆ ಆ ನಾಲ್ಕು ಸಾಲೂ ಸಿಡ್‌ನ ಮೂಲಕವೇ ಒಳಗೆ ಹೋಗಬೇಕು, ಅಲ್ಲಿ ದಾರಿಗಡ್ಡವಾಗಿ ಕುಳಿತಿತ್ತು ನಮ್ಮದೇ 2.0!

ಮೊದಲು ಜಾಣತನ ಮಾಡಿ, ದೋಷ 2.0ರಲ್ಲಿ ಇಲ್ಲ, ಅದನ್ನೇ ಬಿಟ್ಟುಕೊಳ್ಳಿ ಎಂದು ಅರ್ಜಿ ಹಾಕಿದೆವು. ಎರಡು ಸಾವಿರಕ್ಕೂ ಹೆಚ್ಚು ಸಾಲುಗಳ ವ್ಯತ್ಯಾಸ. ಯಾರು ಓದಿಯಾರು? 1.4ಕ್ಕೆ ಬೇಕಾದ ತಿದ್ದುಪಡಿಯನ್ನಷ್ಟೇ ಕಳಿಸಿ ಎಂದು ಸೌಜನ್ಯದಿಂದಲೇ ಉತ್ತರ ಬಂತು. ಮಾರ್ಚ್ ಕೊನೆಯಲ್ಲಿ ದಪ್ಪ ಫೈಲು ಹಿಡಿದು ಬರುವವರಿಗೆ ನಾವೂ ಇದೇ ಮಾತು ಹೇಳಿ ಕಳಿಸಿದ್ದುಂಟು, ಇಷ್ಟು ಸೌಜನ್ಯದಿಂದಲ್ಲ.

ಆವೃತ್ತಿಯ ಸಂಖ್ಯೆ ಏರಬಹುದು, ಇಳಿಯುವಂತಿಲ್ಲ. ಆದ್ದರಿಂದ 1.4ನ್ನೇ ಮರಳಿ ತರಬೇಕಾದರೂ ಅದಕ್ಕೆ 2.0ಕ್ಕಿಂತ ದೊಡ್ಡ ಸಂಖ್ಯೆ ಕೊಡಬೇಕು. ಇದಕ್ಕೊಂದು ರೂಢಿಯ ಉಪಾಯವಿದೆ: ‘2.0+ರಿಯಲಿ1.4’. ಹೊರಗೆ 2.0 ಎಂಬ ಬೋರ್ಡು, ಒಳಗೆ ‘ನಿಜವಾಗಿ’ 1.4! ನಮ್ಮ ಅವಸರ ಹೀಗೆ ಲೋಕಕ್ಕೆಲ್ಲ ಕಾಣುವಂತೆ ಆ ಹೆಸರಿನಲ್ಲೇ ಅಚ್ಚಾಯಿತು.

ಎರಡು ರಾತ್ರಿ, ದೆಹಲಿಯ ಆ ಬೇಗೆಯಲ್ಲಿ, ಡಿಸ್ಕನ್ನು ಬೇಕೆಂದೇ ತುಂಬಿಸಿ ಪರೀಕ್ಷಿಸಿದೆವು. ವ್ಯತ್ಯಾಸದ ಸಾಲುಗಳನ್ನು ಈ ಪತ್ರಿಕೆಯ ಪ್ರೂಫ್ ನೋಡುವಂತೆ ಒಬ್ಬರು ಓದಿ, ಒಬ್ಬರು ಬೆರಳಿಟ್ಟು ನೋಡಿದೆವು. ಅರ್ಜಿ ಹೋದ ಮೂರನೆಯ ದಿನ ಚಿಲಕ ತೆಗೆದರು. ಆಗಸ್ಟ್ 9ರಂದು ಟ್ರಿಕ್ಸಿ ಹೊರಬಂದಾಗ ಅದರಲ್ಲಿ ನಮ್ಮದೂ ಇತ್ತು.

ಸಂಘದ ಕಂಪ್ಯೂಟರಿನಲ್ಲೂ ಈಗ ಟ್ರಿಕ್ಸಿಯೇ. ಪಟ್ಟಿ ಅಳಿಸಿಹೋಗುವ ಭಯವಿಲ್ಲ. ಒತ್ತಕ್ಷರಗಳಿಗೆ ಮಾತ್ರ ಮುಂದಿನ ಬಿಡುಗಡೆಯೇ ಗತಿ. ‘ನಮ್ಮ ಯಜಮಾನರ ಹೆಸರಿನ ಒತ್ತೇ ಇಲ್ಲವಲ್ಲ, ಕೃಷ್ಣಪ್ಪ ಹೋಗಿ ಕೃಷಪ ಆಗಿದ್ದಾರೆ’ ಎಂದು ಕಳೆದ ತಿಂಗಳು ಸದಸ್ಯೆಯೊಬ್ಬರು ಲಕೋಟೆಯನ್ನೇ ತಂದು ತೋರಿಸಿದರು. ಮುದ್ರಕನಲ್ಲಿ ಶಾಯಿ ಕಡಿಮೆಯಿರಬೇಕು ಎಂದು ಕಾರ್ಯದರ್ಶಿಗಳು ಸಮಾಧಾನ ಹೇಳುತ್ತಿದ್ದರು. ನಾವಿಬ್ಬರೂ ಪಕ್ಕದಲ್ಲೇ ಕುಳಿತು ಅಂಚೆಚೀಟಿ ಅಂಟಿಸುತ್ತಿದ್ದೆವು.