ಕಾಗದದ ಬಾಯಿಯ ಮೀನು

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಓಸೇಜ್ ನದಿಗೆ 1931ರಲ್ಲಿ ಬ್ಯಾಗ್ನೆಲ್ ಅಣೆಕಟ್ಟು ಕಟ್ಟಿದಾಗ ಹುಟ್ಟಿದ್ದು ಲೇಕ್ ಆಫ್ ದಿ ಓಝಾರ್ಕ್ಸ್ ಎಂಬ ಸರೋವರ. ಆಗಸ್ಟ್ ಕೊನೆಯ ಒಂದು ಸಂಜೆ, ಅದರ ದಡದ ದೋಣಿಕಟ್ಟೆಯ ಮೇಲೆ ತಂದೆ, ಮಗ ಗಾಳ ಹಿಡಿದು ಕುಳಿತಿದ್ದರು. ಮರುದಿನ ಮಗ ಕಾಲೇಜಿಗೆಂದು ದೂರದ ಊರಿಗೆ ಹೊರಡಬೇಕು. ಆ ಮಾತನ್ನು ಮಾತ್ರ ಇಬ್ಬರೂ ಎತ್ತಲಿಲ್ಲ.

ಅವರಿಗೆ ಬೇಕಾದ ಮೀನು ಕ್ರಾಪಿ. ಬೆಳ್ಳಿಮೈ, ಕಪ್ಪು ಚುಕ್ಕೆ. ಮಗ ಗಾಳವನ್ನು ತಳಕ್ಕೇ ಇಳಿಸಿದ್ದ. ತಳದ ನೀರು ತಂಪು, ಮೀನೂ ಅಲ್ಲಿಯೇ ಇರಬೇಕಲ್ಲ! ತರ್ಕವೇನೋ ಸರಿ, ಆದರೆ ಅರ್ಧ. ಬೇಸಿಗೆಯಲ್ಲಿ ಬಿಸಿಯಾದ ಮೇಲ್ನೀರು ಹಗುರ, ತಳದ ತಣ್ಣೀರು ಭಾರ, ಎರಡೂ ಬೆರೆಯುವುದಿಲ್ಲ. ಎಲೆ, ಕಸಕಡ್ಡಿಗಳನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ತಳದ ಆಮ್ಲಜನಕವನ್ನು ತೀರಿಸುತ್ತ ಬರುತ್ತವೆ. ಮೇಲಿನಿಂದ ಹೊಸದು ಇಳಿಯದು. ಉಸಿರಾಡಬೇಕಾದ ಕ್ರಾಪಿ ನಡುನೀರಿನಲ್ಲೇ ನಿಲ್ಲುತ್ತದೆ.

ತಂದೆ ಏನೂ ಹೇಳದೆ ಬೆಂಡನ್ನು ಗಾಳದ ಹತ್ತಿರಕ್ಕೆ ಸರಿಸಿಕೊಟ್ಟರು. ಕತ್ತಲಾಗುತ್ತಲೇ ಕಟ್ಟೆಯ ದೀಪ ಹಚ್ಚಿದರು. ದೀಪಕ್ಕೆ ಹುಳುಗಳು ಬಂದವು, ಹುಳುಗಳಿಗೆ ಮರಿಮೀನುಗಳು.

ಬೆಂಡು ಮುಳುಗಿತು. ಮಗ ರಪ್ಪನೆ ಎಳೆದ. ಬಾಯಿ ಹರಿದುಕೊಂಡು ಮೀನು ಪಾರಾಯಿತು. ಕ್ರಾಪಿಯ ಬಾಯಿಯ ಪೊರೆ ಅಷ್ಟು ತೆಳು. ಅಲ್ಲಿನವರು ಅದಕ್ಕೆ ‘ಕಾಗದದ ಬಾಯಿ’ಯೆಂದೇ ಹೆಸರಿಟ್ಟಿದ್ದಾರೆ. ಎರಡನೆಯದನ್ನು ಮೆಲ್ಲಗೆ ಎತ್ತಿದ. ತಂದೆ ಕೆಳಗೆ ಕೈಬಲೆ ಒಡ್ಡಿದರು.

“ಇನ್ನು ನಿನಗೆ ಬಲೆ ಹಿಡಿಯುವವರು ಯಾರಪ್ಪ?” ಮಗ ಕೇಳಿಯೇಬಿಟ್ಟ.

ತಂದೆ ಗಾಳ ಬಿಡಿಸುತ್ತ ತುಸು ತಡೆದರು. “ನವೆಂಬರ್ ರಜೆಗೆ ಬಾ. ಅಷ್ಟು ಹೊತ್ತಿಗೆ ಮೇಲಿನ ನೀರೂ ತಣಿದು ತಳದ್ದರ ಜೊತೆ ಬೆರೆತಿರುತ್ತೆ. ಆಗ ನೀನು ಹೇಳಿದ ಆಳದಲ್ಲೇ ಹಾಕೋಣ.”