ನಿಂತ ಕಾರು ಮತ್ತು ಓಮನ ನಿಯಮ

ಸುರಪುರದಲ್ಲಿ ನಾನು ವಿಜ್ಞಾನ ಬೋಧಿಸುತ್ತಿದ್ದ ವರ್ಷಗಳಲ್ಲಿ ನಮ್ಮ ಮನೆಯಲ್ಲೊಂದು ಪ್ರೀಮಿಯರ್ ಪದ್ಮಿನಿ ಕಾರು ಇತ್ತೆಂಬುದು ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ನೆನಪಿರಬಹುದು. ಕೆಲವರಂತೂ ಮರೆಯಲಾರರು, ಅವರು ಅದನ್ನು ತಳ್ಳಿದವರು. 1996ರಲ್ಲಿ ಯಾದಗಿರಿಯ ಹತ್ತಿ ವ್ಯಾಪಾರಿಯೊಬ್ಬರಿಂದ ಎರಡನೆಯ ಕೈಯಲ್ಲಿ ಕೊಂಡ ಕಾರು ಅದು. ಇಟಲಿಯ ಫಿಯಟ್ 1100 ಮಾದರಿಯೇ ನಮ್ಮ ದೇಶದಲ್ಲಿ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. 1089 ಸಿ.ಸಿ. ಎಂಜಿನ್, ಸ್ಟೇರಿಂಗಿನ ಪಕ್ಕದಲ್ಲೇ ಗೇರಿನ ಹಿಡಿಕೆ. ಮುಂಬಯಿಯ ರಸ್ತೆಗಳಲ್ಲಿ ಟ್ಯಾಕ್ಸಿಯಾಗಿ ಓಡುತ್ತಿದ್ದ ಕೊನೆಯ ಪದ್ಮಿನಿಯೂ 2023ರ ಅಕ್ಟೋಬರಿನಲ್ಲಿ ನಿವೃತ್ತಿ ಹೊಂದಿತೆಂದು ಪತ್ರಿಕೆಯಲ್ಲಿ ಓದಿದಾಗ, ಸಹೋದ್ಯೋಗಿಯೊಬ್ಬರು ತೀರಿಕೊಂಡ ಸುದ್ದಿ ಕೇಳಿದಂತಾಯಿತು.

ನಮ್ಮ ಸೀಮೆಯ ಬಿಸಿಲು ಮತ್ತು ಎರೆಮಣ್ಣಿನ ಧೂಳು ಎಂಥ ಯಂತ್ರವನ್ನೂ ಪರೀಕ್ಷೆಗೆ ಒಡ್ಡುತ್ತವೆ. ಹಾಗಾಗಿ ಕಾರು ನಿಲ್ಲುವುದು ನಮಗೆ ಹೊಸದಾಗಿರಲಿಲ್ಲ. ಏಕೆ ನಿಂತಿತೆಂದು ತಿಳಿಯುವುದೇ ಸಮಸ್ಯೆ.

ಈ ವಿದ್ಯೆಯಲ್ಲಿ ನನಗೆ ಗುರುವಾದವನು ನನ್ನ ಶಿಷ್ಯನೇ. ಶಹಾಪುರದಲ್ಲಿ ನನ್ನ ಕೈಯಲ್ಲಿ ಓದಿ, ಹತ್ತನೆಯ ತರಗತಿಯಲ್ಲಿ ವಿಜ್ಞಾನದಲ್ಲೇ ಅನುತ್ತೀರ್ಣನಾಗಿ, ಮೋಟಾರು ಮೇಸ್ತ್ರಿಯೊಬ್ಬರ ಬಳಿ ಸೇರಿಕೊಂಡ ಹುಡುಗ. ಒಂದು ದಿನ ಕಾರಿನ ದೀಪಗಳು ಪ್ರಕಾಶಮಾನವಾಗಿ ಉರಿಯುತ್ತಿದ್ದರೂ ಸ್ಟಾರ್ಟರ್ ಮಾತ್ರ ನರಳಿ ಸುಮ್ಮನಾಗುತ್ತಿತ್ತು. ಒಬ್ಬರು ಹೊಸ ಬ್ಯಾಟರಿ ಹಾಕಿಸಿರೆಂದು ಸಲಹೆ ಕೊಟ್ಟಿದ್ದರು. ಈ ಹುಡುಗ ಬಾನೆಟ್ ಎತ್ತಿ, ಸ್ಟಾರ್ಟರ್ ಹಾಕಲು ನನಗೆ ಹೇಳಿ, ಮರುಕ್ಷಣವೇ ಬ್ಯಾಟರಿಯ ಎರಡೂ ಕೊನೆಗಳನ್ನು ಬೆರಳಿನಿಂದ ಮುಟ್ಟಿ ನೋಡಿದ. "ಬ್ಯಾಟ್ರಿ ಭೇಷ್ ಅದರಿ ಸರ್, ಹಾದಿ ಇಕ್ಕಟ್ಟಾಗ್ಯಾದ" ಎಂದ. ಒಂದು ಕೊನೆ ಸುಡುವಷ್ಟು ಬಿಸಿಯಾಗಿತ್ತು. ಹಿಡಿಕೆಯ ಕೆಳಗೆ ಬಿಳಿ-ಹಸಿರು ಪುಡಿ ಕಟ್ಟಿಕೊಂಡಿತ್ತು.

ನಾನು ಹದಿನೈದು ವರ್ಷ ಕರಿಹಲಗೆಯ ಮೇಲೆ ಬರೆಯುತ್ತ ಬಂದಿದ್ದ ಓಮನ ನಿಯಮವನ್ನು ಅವನು ಒಂದು ವಾಕ್ಯದಲ್ಲಿ ಹೇಳಿ ಮುಗಿಸಿದ್ದ. ಲೆಕ್ಕ ಮಾಡಿ ನೋಡಿ. ಎರಡು ದೊಡ್ಡ ದೀಪಗಳಿಗೆ ಬೇಕಾದದ್ದು ಸುಮಾರು 8 ಆಂಪಿಯರ್ ಪ್ರವಾಹ. ಪುಡಿ ಕಟ್ಟಿದ ಜಾಗದಲ್ಲಿ ರೋಧ ಕೇವಲ 0.05 ಓಮ್ ಇದೆಯೆಂದುಕೊಳ್ಳಿ. ಅಲ್ಲಿ ನಷ್ಟವಾಗುವುದು 0.4 ವೋಲ್ಟ್. ದೀಪಕ್ಕೆ ಅದು ತಿಳಿಯುವುದೇ ಇಲ್ಲ. ಆದರೆ ಸ್ಟಾರ್ಟರ್ 100 ಆಂಪಿಯರ್ ಕೇಳುತ್ತದೆ. ಅದೇ ಜಾಗದಲ್ಲಿ ಈಗ ನಷ್ಟ 5 ವೋಲ್ಟ್! 12 ವೋಲ್ಟಿನಲ್ಲಿ ಐದು ಹಾದಿಯಲ್ಲೇ ಹೋದರೆ ಸ್ಟಾರ್ಟರ್ ತಿರುಗುವುದೆಂತು? ಆ ಐದು ವೋಲ್ಟೂ ನೂರು ಆಂಪಿಯರೂ ಸೇರಿ 500 ವಾಟ್ ಶಾಖವಾಗಿ ಆ ಚಿಕ್ಕ ಹಿಡಿಕೆಯಲ್ಲೇ ಇಳಿಯುತ್ತದೆ. ಬೆರಳಿಗೆ ಸುಟ್ಟದ್ದು ಅದೇ. ನಮ್ಮ ಪಠ್ಯಪುಸ್ತಕದ ಲೆಕ್ಕಗಳಲ್ಲಿ ಜೋಡಣೆಯ ತಂತಿಗೆ ರೋಧವೇ ಇರುತ್ತಿರಲಿಲ್ಲ. ಮಾರನೆಯ ವಾರವೇ ಮಲ್ಟಿಮೀಟರೊಂದನ್ನು ಹಿಡಿದು ಹತ್ತನೆಯ ತರಗತಿಯನ್ನು ಕಾರಿನ ಬಳಿಗೆ ಕರೆದೊಯ್ದೆ. ಆ ವರ್ಷದ ಮಕ್ಕಳು ಈ ಪಾಠವನ್ನು ಮರೆತಿಲ್ಲವೆಂದು ಎಲ್ಲೆಲ್ಲಿಂದಲೋ ಹೇಳಿಕಳಿಸುತ್ತಾರೆ.

ಪರಿಹಾರಕ್ಕೆ ಖರ್ಚಿಲ್ಲ. ಬಾಡಿಗೆ ಸೇರುವ ತಂತಿಯನ್ನು ಮೊದಲು ಬಿಚ್ಚಿ, ಕೊನೆಗೆ ಜೋಡಿಸಬೇಕು. ಇಲ್ಲವಾದರೆ ಸ್ಪ್ಯಾನರ್ ಬಾಡಿಗೆ ತಗುಲಿ ಕಿಡಿ ಹಾರುತ್ತದೆ. ಅಡುಗೆ ಸೋಡಾ ಕಲಸಿದ ನೀರಿನಿಂದ ತೊಳೆದು, ಉಪ್ಪುಕಾಗದದಿಂದ ಉಜ್ಜಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದರೆ ಮುಗಿಯಿತು. ಇದರ ಅಣ್ಣನಂಥ ದೋಷ ಇನ್ನೊಂದಿದೆ. ಎಂಜಿನ್ ರಬ್ಬರಿನ ಮೇಲೆ ಕುಳಿತಿರುತ್ತದೆಯಾದ್ದರಿಂದ ಅದನ್ನು ಬಾಡಿಗೆ ಜೋಡಿಸುವ ಹೆಣೆದ ತಂತಿಯೊಂದು ಇರುತ್ತದೆ. ಅದು ತುಂಡಾದರೆ ಪ್ರವಾಹ ಬೇರೆ ಹಾದಿ ಹುಡುಕಿಕೊಂಡು ಆಕ್ಸಿಲರೇಟರಿನ ಕೇಬಲ್ಲಿನ ಮೂಲಕವೂ ಹರಿಯಬಲ್ಲದು. ಸ್ಟಾರ್ಟರ್ ಹಾಕಿದಾಗಲೆಲ್ಲ ಆಕ್ಸಿಲರೇಟರ್ ಕೇಬಲ್ ಬಿಸಿಯಾದರೆ ಯಾರೂ ನಂಬುವುದಿಲ್ಲ. ಕಾರಣ ಮಾತ್ರ ಇದು.

ಶಿಷ್ಯ ಕಲಿಸಿದ ಇನ್ನೊಂದು ಸೂತ್ರವಿದೆ. ಓಡುವ ಕಾರು ದೀಪ ಆರಿದಂತೆ ತಟ್ಟನೆ ನಿಂತರೆ ವಿದ್ಯುತ್ತಿನ ಕಡೆ ನೋಡಬೇಕು. ಕೆಮ್ಮಿ, ಕುಲುಕಿ, ಎಳೆದಾಡಿ ನಿಂತರೆ ಪೆಟ್ರೋಲಿನ ಕಡೆ. ಹತ್ತರಲ್ಲಿ ಎಂಟು ಸಲ ಇದು ನಿಜವಾಗಿದೆ.

ಈ ಸೂತ್ರದ ಬೆಲೆ ನನಗೆ ತಿಳಿದದ್ದು 2004ರ ಮೇ ತಿಂಗಳಲ್ಲಿ. ನನ್ನ ಹೆಂಡತಿಯ ತಂಗಿ ಹೆರಿಗೆಗೆಂದು ಸುರಪುರಕ್ಕೆ ಬಂದಿದ್ದಳು. ವೈದ್ಯರು ಹೇಳಿದ ದಿನಕ್ಕಿಂತ ಎರಡು ವಾರ ಮೊದಲೇ, ಮಧ್ಯಾಹ್ನ ಹನ್ನೆರಡಕ್ಕೆ ನೋವು ಕಾಣಿಸಿಕೊಂಡಿತು, ರಕ್ತಸ್ರಾವವೂ ಇತ್ತು. ಯಾದಗಿರಿಗೆ ಹೊರಟೆವು. ಆಗ ಈ ಮೂರೂ ಊರುಗಳು ಗುಲ್ಬರ್ಗಾ ಜಿಲ್ಲೆಯ ತಾಲೂಕುಗಳು. ನಮ್ಮ ಕೈಯಲ್ಲಿ ಮೊಬೈಲ್ ಇರಲಿಲ್ಲ. ಶಹಾಪುರ ದಾಟುವಾಗ, ಮಲಗಿದ ಬುದ್ಧನಂತೆ ಕಾಣುವ ಆ ಬೆಟ್ಟವನ್ನು ಎಂದಿನಂತೆ ಯಾರೂ ತೋರಿಸಲಿಲ್ಲ. ದೋರನಹಳ್ಳಿ ಇನ್ನೂ ದೂರವಿರುವಾಗಲೇ ಕಾರು ಕೆಮ್ಮತೊಡಗಿತು. ಎರಡು ಬಾರಿ ಕುಲುಕಿತು, ನಿಂತಿತು. ಎರಡೂ ಬದಿಯಲ್ಲಿ ಬಿರುಕುಬಿಟ್ಟ ಕರಿಯ ಹೊಲ, ಗಿಡದ ನೆರಳೂ ಇಲ್ಲ.

ಕೆಮ್ಮಿ ನಿಂತಿದೆ, ಆದರೂ ಪ್ಲಗ್ಗಿನ ತಂತಿ ಕಿತ್ತು ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದು ನೋಡಿದೆ. ನೀಲಿ ಕಿಡಿ ಚಟ್ಟೆಂದಿತು. ಅಂದರೆ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಎಲ್ಲವೂ ನಿರ್ದೋಷಿಗಳು. ಟ್ಯಾಂಕಿನಲ್ಲಿ ಪೆಟ್ರೋಲ್ ಇತ್ತು. ಹಾಗಾದರೆ ಅದು ಕಾರ್ಬ್ಯುರೇಟರಿಗೆ ತಲುಪುತ್ತಿಲ್ಲ.

ಪೆಟ್ರೋಲ್ ಎಂಬುದು ಒಂದೇ ದ್ರವವಲ್ಲ, ಅನೇಕ ಹೈಡ್ರೋಕಾರ್ಬನ್‌ಗಳ ಮಿಶ್ರಣ. ಅದರ ಹಗುರ ಅಂಶಗಳು 40 ಡಿಗ್ರಿಯ ಆಸುಪಾಸಿನಲ್ಲೇ ಆವಿಯಾಗಬಲ್ಲವು. ಪಂಪು ಎಳೆಯುವ ಕೊಳವೆಯಲ್ಲಿ ಒತ್ತಡ ಕಡಿಮೆಯಿರುವುದರಿಂದ ಇನ್ನೂ ಬೇಗ. ಹಳೆಯ ಕಾರುಗಳ ಪಂಪು ಎಂಜಿನ್ನಿಗೇ ಅಂಟಿಕೊಂಡು ಕಾಯುತ್ತಿರುತ್ತದೆ. ಒಳಗೆ ಆವಿ ತುಂಬಿತೆಂದರೆ ಪಂಪು ಬರಿಯ ಆವಿಯನ್ನು ಹಿಸುಕುತ್ತದೆಯೇ ವಿನಾ ದ್ರವವನ್ನು ತಳ್ಳುವುದಿಲ್ಲ. ಪಂಪು ತಣ್ಣಗಾಗಬೇಕು, ಬೇರೆ ಮದ್ದಿಲ್ಲ.

ನಮ್ಮ ಬಳಿ ಇದ್ದದ್ದು ಒಂದೇ ಕ್ಯಾನ್ ನೀರು. ಹಿಂದಿನ ಆಸನದಲ್ಲಿ ಬಸುರಿ ನೀರು ಕೇಳುತ್ತಿದ್ದಳು. ನನ್ನ ಹೆಂಡತಿ ಒಂದು ಮಾತೂ ಆಡದೆ ಒಂದು ಲೋಟ ನೀರನ್ನು ಬೇರೆ ತೆಗೆದಿಟ್ಟುಕೊಂಡು, ಉಳಿದದ್ದನ್ನು ನನ್ನ ಕೈಗೆ ಕೊಟ್ಟಳು. ಸೀರೆಯ ಸೆರಗಿನಿಂದ ಒಂದು ತುಂಡನ್ನೂ ಹರಿದು ಕೊಟ್ಟಳು. ಬಟ್ಟೆಯನ್ನು ತೋಯಿಸಿ ಪಂಪಿಗೆ ಸುತ್ತಿದೆ. ಎರಡು ನಿಮಿಷಕ್ಕೆ ಒಣಗಿತು. ಮತ್ತೆ ತೋಯಿಸಿದೆ. ಹೀಗೆ ಹದಿನೈದು ಇಪ್ಪತ್ತು ನಿಮಿಷ. ಆ ಅವಧಿಯಲ್ಲಿ ಆ ರಸ್ತೆಯಲ್ಲಿ ಹಾದುಹೋದದ್ದು ಎದುರು ದಿಕ್ಕಿಗೆ ಹೋಗುವ ಎರಡು ಟ್ರ್ಯಾಕ್ಟರ್ ಮಾತ್ರ. ನೀರು ಮುಗಿದಾಗ ಸ್ಟಾರ್ಟರ್ ಹಾಕಿದೆ. ಮೂರನೆಯ ಪ್ರಯತ್ನಕ್ಕೆ ಎಂಜಿನ್ ಹತ್ತಿಕೊಂಡಿತು. ಬಟ್ಟೆಯನ್ನು ಹಾಗೆಯೇ ಬಿಟ್ಟು, ಭೀಮಾ ನದಿಯ ಸೇತುವೆಯವರೆಗೆ ಎಲ್ಲಿಯೂ ನಿಲ್ಲಿಸಲಿಲ್ಲ. ಅಂದು ಸಂಜೆ ಹುಟ್ಟಿದ ಹೆಣ್ಣುಮಗು ಈಗ ಪದವಿ ಮುಗಿಸಿದ್ದಾಳೆ. ಇನ್ನು ಒಂದು ತಾಸು ತಡವಾಗಿದ್ದರೆ ತಾಯಿಯನ್ನು ಉಳಿಸುವುದು ಕಷ್ಟವಿತ್ತೆಂದು ವೈದ್ಯರು ಹೇಳಿದ್ದನ್ನು ನಾವು ಬಹಳ ವರ್ಷ ಆಕೆಗೆ ಹೇಳಲಿಲ್ಲ.

ಈಚೆಗೆ ಬೆಂಗಳೂರಿನಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ, ಶಹಾಪುರದ ತನ್ನ ಮನೆಯಲ್ಲಿ ನಾಲ್ಕು ವರ್ಷಗಳಿಂದ ನಿಂತಿರುವ ತಂದೆಯವರ ಕಾರ್ಬ್ಯುರೇಟರ್ ಕಾಲದ ಕಾರನ್ನು ಮತ್ತೆ ಓಡಿಸಬಹುದೇ ಎಂದು ಕೇಳಿದ್ದಾನೆ. ತಂದೆ ಈಗಿಲ್ಲ. ಗುಜರಿಯವರು ಬೆಲೆ ಕಟ್ಟಿದ್ದಾರಂತೆ. ತಾಯಿ ಮಾತ್ರ ವಾರಕ್ಕೊಮ್ಮೆ ಅದರ ಧೂಳು ಒರೆಸುತ್ತಾರಂತೆ. ಅವನಿಗೆ ಬರೆದದ್ದನ್ನೇ ಇಲ್ಲಿಯೂ ಬರೆಯುತ್ತೇನೆ, ಉಳಿದವರಿಗೂ ಉಪಯೋಗವಾಗಲಿ.

ಕೀಲಿ ತಿರುಗಿಸುವ ಆತುರ ಬೇಡ. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲ್ ಅಂಟಾಗಿರುತ್ತದೆ, ಪೂರ್ತಿ ತೆಗೆಸು. ಪ್ಲಗ್ಗುಗಳನ್ನು ಬಿಚ್ಚಿ ಅವುಗಳ ಬಣ್ಣ ನೋಡು: ಬಿಸ್ಕತ್ತಿನ ಬಣ್ಣವಾದರೆ ಎಂಜಿನ್ ಆರೋಗ್ಯವಾಗಿತ್ತು, ಒಣ ಮಸಿಯಾದರೆ ಪೆಟ್ರೋಲ್ ಹೆಚ್ಚಾಗಿತ್ತು, ಎಣ್ಣೆಯ ಜಿಡ್ಡಾದರೆ ರಿಂಗುಗಳು ಸವೆದಿವೆ. ಆ ರಂಧ್ರಗಳಲ್ಲಿ ಸ್ವಲ್ಪ ಎಣ್ಣೆ ಬಿಟ್ಟು, ಒಂದು ದಿನ ಬಿಟ್ಟು, ಎಂಜಿನ್ನನ್ನು ಮೊದಲು ಕೈಯಿಂದಲೇ ತಿರುಗಿಸಿ ನೋಡಬೇಕು. ಪಾಯಿಂಟುಗಳನ್ನು ಉಜ್ಜಿ ಸುಮಾರು 0.4 ಮಿ.ಮೀ. ಅಂತರ ಇಡಲಿ. ಫ್ಯೂಸಿನ ಜಾಗದಲ್ಲಿ ಸಿಗರೇಟಿನ ಬೆಳ್ಳಿ ಕಾಗದ ಸುತ್ತಿದ್ದರೆ ಕಿತ್ತೆಸೆ. ಅಲ್ಲಿ ಫ್ಯೂಸ್ ಕರಗದಿದ್ದರೆ ತಂತಿ ಕರಗುತ್ತದೆ. ಪೆಟ್ರೋಲಿನ ರಬ್ಬರ್ ಕೊಳವೆಗಳೆಲ್ಲ ಹೊಸದಾಗಲಿ. ಈಗ ಬಂಕುಗಳಲ್ಲಿ ಬರುವುದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಹಳೆಯ ಕಾಲದ ರಬ್ಬರನ್ನು ಅದು ಮೆತ್ತಗಾಗಿಸಿ ಒಡೆಯುತ್ತದೆ, ಬಿಸಿ ಎಂಜಿನ್ನಿನ ಮೇಲೆ ಒಂದು ಹನಿ ಸೋರಿದರೂ ಬೆಂಕಿಯೇ. ರೇಡಿಯೇಟರಿನ ಮುಚ್ಚಳವನ್ನು ಎಂಜಿನ್ ಬಿಸಿಯಿರುವಾಗ ತೆರೆಯಬಾರದೆಂದು ನಾನು ತರಗತಿಯಲ್ಲೇ ಹೇಳಿದ್ದೇನೆ, ಒತ್ತಡ ಮತ್ತು ಕುದಿಬಿಂದುವಿನ ಪಾಠದಲ್ಲಿ. ಎಂಜಿನ್ ಹತ್ತಿಕೊಂಡಿತೆಂಬ ಸಂತೋಷದಲ್ಲಿ ಬ್ರೇಕ್ ನೋಡದೆ ರಸ್ತೆಗೆ ಇಳಿಸಬೇಡ. ಹದಿನೈದು ವರ್ಷ ಮೀರಿದ ಗಾಡಿಯ ನೋಂದಣಿ ನವೀಕರಣವಾಗಿದೆಯೇ ಎಂಬುದನ್ನೂ ಕಾಗದಪತ್ರದಲ್ಲಿ ನೋಡಿಕೋ.

ನಾನು ಹೇಳಿದ ಆ ಮೇಸ್ತ್ರಿ ಈಗಲೂ ಶಹಾಪುರದಲ್ಲೇ ಇದ್ದಾನೆ. ಕಾರ್ಬ್ಯುರೇಟರ್ ಬಿಚ್ಚಬಲ್ಲವರು ಅಲ್ಲಿ ಇನ್ನು ಹೆಚ್ಚು ಜನ ಉಳಿದಿಲ್ಲ; ಅವನ ಮಗ ಲ್ಯಾಪ್‌ಟಾಪ್ ಜೋಡಿಸಿ ದೋಷ ಹುಡುಕುತ್ತಾನೆ, ತಂದೆ ಎರಡು ತಂತಿ ಕಟ್ಟಿದ ಬಲ್ಬ್ ಹಿಡಿದು. ಬೆಳಿಗ್ಗೆ ಹತ್ತರ ಹೊತ್ತಿಗೆ ಅಂಗಡಿ ತೆರೆಯುತ್ತದೆ. ನನ್ನ ಹೆಸರು ಹೇಳಿದರೆ ಚಹಾ ಕುಡಿಸದೆ ಕಳಿಸುವುದಿಲ್ಲ.