ನಿದ್ರಾಚೀಲವೋ, ರಜಾಯಿಯೋ?

ಅರುವತ್ತು ದಾಟಿದವನು ಎಷ್ಟು ದೂರ ಹೋಗಬಹುದೆಂಬುದನ್ನು ಅವನ ಕಾಲುಗಳು ನಿಶ್ಚಯಿಸುವುವೆಂದು ಲೋಕದ ಮಾತು. ನನ್ನ ಅನುಭವದಲ್ಲಿ ಇದು ಅರ್ಧಸತ್ಯ. ಹಗಲು ಎರಡು ಹರದಾರಿ ನಡೆಯುವುದು ಈಗಲೂ ನನಗೆ ಕಷ್ಟವಲ್ಲ. ರಾತ್ರಿ ಗಟ್ಟಿನೆಲದ ಮೇಲೆ ಮಲಗಿ ಬೆಳಗ್ಗೆ ಮಂಡಿಯನ್ನು ನೀಡಿ ಏಳುವುದೇ ಕಷ್ಟ. ಈ ಕಾರಣದಿಂದ, ಬೆಟ್ಟದ ತಪ್ಪಲಿನಲ್ಲಿ ನಕ್ಷತ್ರಗಳನ್ನು ನೋಡುತ್ತ ಇರುಳನ್ನು ಕಳೆಯುವ ನನ್ನ ಹಳೆಯ ಸುಖವನ್ನು ಬಿಟ್ಟುಬಿಡಬೇಕಾದೀತೆಂದು ನಾನು ಚಿಂತಿಸುತ್ತಿದ್ದೆನು. ಆ ಚಿಂತೆಯನ್ನು ಕಳೆದುದು ಒಂದು ಜೋಲಿ.

ಎರಡು ಮರಗಳ ನಡುವೆ ಕಟ್ಟಿ ಮಲಗುವ ಈ ಬಟ್ಟೆಯನ್ನು ಅಂಗಡಿಯವರು ಹ್ಯಾಮಕ್ ಎನ್ನುವರು. ಈ ಹೆಸರು ಕೆರಿಬಿಯನ್ ದ್ವೀಪಗಳ ತೈನೋ ಜನರ ಮಾತಿನಿಂದ ಸ್ಪ್ಯಾನಿಷ್ ಭಾಷೆಯ ಮೂಲಕ ಬಂದುದು. 1492ರಲ್ಲಿ ಕೊಲಂಬಸನು ಆ ದ್ವೀಪಗಳನ್ನು ಮುಟ್ಟಿದಾಗ ಅಲ್ಲಿಯ ಜನರು ಹತ್ತಿಯ ಬಲೆಗಳನ್ನೇ ಹಾಸಿಗೆಯನ್ನಾಗಿ ಮಾಡಿಕೊಂಡಿದ್ದುದನ್ನು ಕಂಡನು. ಹೆಸರು ಹೊಸದಾದರೂ ವಸ್ತು ನಮಗೆ ಅಪರಿಚಿತವಲ್ಲ. ತಾಯಿಯ ಹಳೆಯ ಸೀರೆಯನ್ನು ತೊಲೆಗೆ ಕಟ್ಟಿದ ಜೋಲಿಯಲ್ಲಿ ನಮ್ಮಲ್ಲಿ ಅನೇಕರು ಮಲಗಿ ಬೆಳೆದವರೇ ಅಲ್ಲವೆ?

ನನ್ನ ಹಳೆಯ ಶಿಷ್ಯನೊಬ್ಬನು ಮಾಘಮಾಸದಲ್ಲಿ ಕೆಲವು ತರುಣರೊಡನೆ ಬೆಟ್ಟಕ್ಕೆ ಹೊರಟವನು, “ಮೇಷ್ಟ್ರೇ, ನೀವೂ ಬನ್ನಿ, ಜೋಲಿಯನ್ನು ನಾನು ಕಟ್ಟಿಕೊಡುತ್ತೇನೆ” ಎಂದನು. “ಈ ವಯಸ್ಸಿನಲ್ಲಿ ಬಾವಲಿಯಂತೆ ಮರದಲ್ಲಿ ತೂಗಾಡುವುದೇ!” ಎಂದು ಮನೆಯಾಕೆ ಆಕ್ಷೇಪಿಸಿದಳು. ಬಹಳ ಚರ್ಚೆಯಾದಮೇಲೆ ಒಂದು ನಿಬಂಧನೆಯಿಂದ ಒಪ್ಪಿದಳು: ಶೀತ ಹಿಡಿದು ಕೆಮ್ಮುತ್ತ ಹಿಂದಿರುಗಿದರೆ ಅದೇ ಕೊನೆಯ ಪ್ರಯಾಣ. ಆದುದರಿಂದ ಜೋಲಿಯಲ್ಲಿ ಏನನ್ನು ಹೊದೆಯಬೇಕೆಂಬ ಪ್ರಶ್ನೆ ನನಗೆ ವಿನೋದದ ವಿಷಯವಾಗಿರಲಿಲ್ಲ. ಶಿಷ್ಯನು ನಿದ್ರಾಚೀಲವನ್ನು, ಎಂದರೆ ಸ್ಲೀಪಿಂಗ್ ಬ್ಯಾಗನ್ನು, ತಂದುಕೊಟ್ಟನು. ನನ್ನ ಮನಸ್ಸು ರಜಾಯಿಯ ಕಡೆಗಿದ್ದಿತು.

ಅಮರಕೋಶದಲ್ಲಿ ನೀಶಾರವೆಂಬ ಒಂದು ಶಬ್ದವಿದೆ. ಹಿಮವನ್ನೂ ಗಾಳಿಯನ್ನೂ ತಡೆಯುವ ಹೊದಿಕೆ ಎಂದು ಅದರ ಅರ್ಥ. ಅಮರಸಿಂಹನು ಹಿಮದೊಡನೆ ಗಾಳಿಯನ್ನೂ ಹೇಳಿರುವುದು ಗಮನಿಸತಕ್ಕ ಮಾತು. ಹೊದಿಕೆಯು ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಅದರ ಎಳೆಗಳ ನಡುವೆ ಚಲಿಸದೆ ನಿಂತ ಗಾಳಿಯೇ ಮೈಯ ಶಾಖವನ್ನು ಹೊರಗೆ ಹೋಗಗೊಡದೆ ಕಾಯುವುದು. ಉಣ್ಣೆ, ತುಪ್ಪಳ, ಪುಕ್ಕ ಮೊದಲಾದುವುಗಳ ಗುಣ ಇದರಿಂದಲೇ ಬಂದುದೆಂದು ರಮ್‌ಫರ್ಡ್ ಎಂಬ ವಿಜ್ಞಾನಿಯು 1792ರಲ್ಲಿ ಪ್ರಯೋಗಗಳಿಂದ ತೋರಿಸಿದನು. ನಿಂತ ಗಾಳಿ ಮಿತ್ರ, ಬೀಸುವ ಗಾಳಿ ಶತ್ರು. ಇಷ್ಟನ್ನು ತಿಳಿದರೆ ಉಳಿದುದೆಲ್ಲವೂ ತಾನಾಗಿ ತಿಳಿಯುವುದು.

ನಿದ್ರಾಚೀಲವು ನೆಲಕ್ಕಾಗಿ ಹುಟ್ಟಿದ ವಸ್ತು. ಅದರೊಳಗೆ ಮಲಗಿದವನ ಭಾರದಿಂದ ಬೆನ್ನಿನ ಕೆಳಗಿನ ತುಂಬು ಅಪ್ಪಳಿಸಿದಂತಾಗಿ, ಅಲ್ಲಿದ್ದ ಗಾಳಿಯೆಲ್ಲ ಹೊರಟುಹೋಗುವುದು. ನೆಲದ ಮೇಲೆ ಈ ಕೊರತೆಯನ್ನು ಚಾಪೆ ತುಂಬಿಕೊಡುವುದು. ಚೀಲಗಳ ಮೇಲೆ ಮುದ್ರಿಸಿರುವ ಉಷ್ಣತೆಯ ಅಂಕಗಳು ಸಹ ಚಾಪೆಯನ್ನು ನಂಬಿಕೊಂಡಿರುವುವು. ಯೂರೋಪಿನಲ್ಲಿ 2002ರಲ್ಲಿ ಪ್ರಕಟವಾದ ಇ.ಎನ್. 13537 ಎಂಬ ಕ್ರಮದಲ್ಲಿಯೂ, ಅದರ ಸ್ಥಾನದಲ್ಲಿ ಬಂದ ಐ.ಎಸ್.ಒ. 23537ರಲ್ಲಿಯೂ, ಕಾಯಿಸಿದ ಒಂದು ಬೊಂಬೆಯನ್ನು ಚೀಲದಲ್ಲಿ ಮಲಗಿಸಿ, ಕೆಳಗೆ ಚಾಪೆ ಹಾಸಿ, ತಣ್ಣನೆಯ ಕೋಣೆಯಲ್ಲಿ ಅಳೆಯುವರು. ಆ ಲೆಕ್ಕಕ್ಕೆ ಹಿಡಿದ ಪ್ರಮಾಣಪುರುಷನಿಗೆ 25 ವರ್ಷ, 73 ಕಿಲೋಗ್ರಾಂ ತೂಕ; ಪ್ರಮಾಣಸ್ತ್ರೀಗೂ 25 ವರ್ಷವೇ, ತೂಕ 60 ಕಿಲೋಗ್ರಾಂ. ಈ ಅಂಕಗಳನ್ನು ನಂಬುವ ಮುನ್ನ ನನ್ನಂಥವರು ಕನ್ನಡಿಯನ್ನೊಮ್ಮೆ ನೋಡಿಕೊಳ್ಳುವುದು ಒಳ್ಳೆಯದು.

ಜೋಲಿಯಲ್ಲಿ ಬೆನ್ನಿನ ಕೆಳಗೆ ನೆಲವೇ ಇಲ್ಲ. ಅಲ್ಲಿ ಸಂಚರಿಸುವುದು ಗಾಳಿ. ಇದರ ನಿಜವನ್ನು ತಿಳಿಯಲು ಪುಷ್ಯಮಾಸದ ಮೂರು ರಾತ್ರಿ ನಮ್ಮ ಹಿತ್ತಲಿನ ಹಲಸಿಗೂ ಮಾವಿಗೂ ನಡುವೆ ಮಲಗಿ ನೋಡಿದೆನು. ಬೆಳಗಿನ ಜಾವ ಉಷ್ಣಮಾಪಕವು 14 ಡಿಗ್ರಿಯ ಸುತ್ತಮುತ್ತ ಇದ್ದಿತು. ಮೊದಲನೆಯ ರಾತ್ರಿ ಚೀಲದಲ್ಲಿ ಎದೆ ಬೆವರಿತು, ಬೆನ್ನು ಕೊರೆಯಿತು. ತೂಗಾಡುವ ಬಟ್ಟೆಯಲ್ಲಿ ಕುಳಿತು ಚೀಲದೊಳಕ್ಕೆ ಕಾಲಿಳಿಸಿ ಭುಜದವರೆಗೆ ಎಳೆದುಕೊಳ್ಳುವುದೇ ಒಂದು ವ್ಯಾಯಾಮ. ನನ್ನ ವಯಸ್ಸಿನವರು ಇರುಳಲ್ಲಿ ಒಮ್ಮೆಯೋ ಎರಡು ಸಲವೋ ಏಳಲೇಬೇಕಷ್ಟೆ. ಪ್ರತಿಸಲವೂ ಆ ವ್ಯಾಯಾಮ ಮೊದಲಾಗುವುದು. ಎರಡನೆಯ ರಾತ್ರಿ ಕೆಳಗೆ ಚಾಪೆ, ಮೇಲೆ ರಜಾಯಿ. ಬೆಚ್ಚಗಿದ್ದಿತು, ಆದರೆ ಮಗ್ಗುಲು ಬದಲಿಸಿದಂತೆಲ್ಲ ಚಾಪೆಯು ಜಾರಿ ಪಕ್ಕಕ್ಕೆ ಸರಿಯಿತು.

ಮೂರನೆಯ ರಾತ್ರಿ ಇನ್ನೊಂದು ರಜಾಯಿಯನ್ನು ಜೋಲಿಯ ಹೊರಗಡೆ, ಅಡಿಯಲ್ಲಿ, ಹಗ್ಗದಿಂದ ತೂಗಹಾಕಿದೆವು. ಹೊರಗಿರುವುದರಿಂದ ಅದರ ಮೇಲೆ ಮೈಭಾರ ಬೀಳುವುದಿಲ್ಲ. ಅದರ ಉಬ್ಬು ಕುಗ್ಗುವುದಿಲ್ಲ. ಆದರೆ ಜೋಲಿಗೆ ಮೆಲ್ಲನೆ ತಾಗಿಕೊಂಡಿರಬೇಕು. ಬಿಗಿಯಾದರೆ ತುಂಬು ಅದುಮಿಹೋಗುವುದು, ಸಡಿಲವಾದರೆ ನಡುವೆ ಗಾಳಿ ನುಗ್ಗುವುದು. ಮೇಲಿನ ರಜಾಯಿಗೆ ಕಾಲುದೆಸೆಯಲ್ಲಿ ಒಂದು ಮೊಳ ಹೊಲಿಸಿ ಪಾದಗಳಿಗೆ ಗೂಡು ಮಾಡಿಸಿದ್ದೆನು. ಜೋಲಿಯಲ್ಲಿ ಸ್ವಲ್ಪ ಓರೆಯಾಗಿ ಮಲಗಿದರೆ ಬೆನ್ನು ಬಾಗದೆ ನೆಟ್ಟಗಿರುವುದು. ಆ ರಾತ್ರಿ ಎರಡು ಸಲ ಎದ್ದೆನು; ಎರಡು ಸಲವೂ ಹೊದಿಕೆಯನ್ನು ಸರಿಸಿ ಕಾಲಿಳಿಸುವುದಷ್ಟೇ ಕೆಲಸವಾಯಿತು. ಬೆಳಗ್ಗೆ ಮನೆಯಾಕೆ ಕಾಫಿ ತಂದು, ನನ್ನ ಬೆನ್ನಿನ ಮೇಲೆ ಕೈಯಿಟ್ಟು ನೋಡಿ, ಏನನ್ನೂ ಹೇಳದೆ ಒಳಗೆ ಹೋದಳು. ಅದೇ ಅನುಮತಿಯೆಂದು ತಿಳಿದೆನು.

ಹೀಗೆಂದು ಚೀಲವನ್ನು ನಿಂದಿಸುವುದು ನ್ಯಾಯವಲ್ಲ. ಮರಗಳಿಲ್ಲದ ಎತ್ತರದಲ್ಲಿ ಗುಡಾರದೊಳಗೆ ನೆಲದ ಮೇಲೆ ಮಲಗುವವರಿಗೆ, ನಿದ್ದೆಯಲ್ಲಿ ಹೊರಳಾಡುವವರಿಗೆ, ಅದು ಎಲ್ಲ ಕಡೆಯಿಂದಲೂ ಮುಚ್ಚಿ ಕಾಯುವುದು. ಒಮ್ಮೆ ನೆಲ, ಒಮ್ಮೆ ಜೋಲಿ ಎನ್ನುವವರಿಗೂ ಅದೊಂದೇ ಸಾಕು. ಜೋಲಿಯಲ್ಲಿ ಅದರ ಬಿರಡೆಪಟ್ಟಿಯನ್ನು ಬಿಚ್ಚಿ ರಜಾಯಿಯಂತೆ ಹೊದೆಯಬಹುದು. ಅಡಿಯ ಹೊದಿಕೆಯನ್ನು ಮಾತ್ರ ಬಿಡಬಾರದು.

ತುಂಬಿನ ವಿಷಯದಲ್ಲಿ ಒಂದು ಮಾತು. ಪಕ್ಷಿಯ ಪುಕ್ಕವು ಹಗುರ; ಆದರೆ ನೆನೆದರೆ ಮುದುರಿಕೊಂಡು ನಿಷ್ಪ್ರಯೋಜಕವಾಗುವುದು. ಮಲೆನಾಡಿನ ಇಬ್ಬನಿಗೆ ಪಾಲಿಯೆಸ್ಟರ್ ತುಂಬಿದ ರಜಾಯಿಯೇ ಮೇಲು. ಹಳೆಯ ಸೀರೆಗಳ ಪದರಗಳನ್ನು ಹೊಲಿದ ನಮ್ಮ ಕೌದಿ ಹಿತ್ತಲಿಗೆ ತಕ್ಕುದು. ಬೆಟ್ಟದಲ್ಲಿ ಅದು ನೀರು ಹೀರಿ ಭಾರವಾಗುವುದು. ಮೇಲೊಂದು ತಾಡಪಾಲು ಬೇಕು. ಮರದ ತೊಗಟೆ ಕೊರೆಯದಂತೆ ಅಗಲವಾದ ಪಟ್ಟಿಯಿಂದ ಕಟ್ಟಬೇಕು. ಕಾಡಿನಲ್ಲಿ ತಂಗುವುದಾದರೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಮಾಘಮಾಸದಲ್ಲಿ ಎರಡು ರಾತ್ರಿ ಬೆಟ್ಟದ ತಪ್ಪಲಿನಲ್ಲಿ ಕಳೆದು, ಕೆಮ್ಮದೆ ಹಿಂದಿರುಗಿದೆನು. ವೃದ್ಧಾಪ್ಯದಲ್ಲಿ ಜನರು ಮೇಲೆ ಮೇಲೆ ಹೊದಿಸುವರು. ಶಾಲಿನ ಮೇಲೆ ಕಂಬಳಿ, ಕಂಬಳಿಯ ಮೇಲೆ ಉಪದೇಶ. ಚಳಿಯು ಯಾವ ಕಡೆಯಿಂದ ಬರುತ್ತಿದೆಯೆಂದು ಮೊದಲು ನೋಡಿ ಅಲ್ಲಿ ತಡೆಯಿಟ್ಟರೆ, ಮುದುಕರೂ ಇನ್ನು ಕೆಲವು ವರ್ಷ ಹೊರಗೆ ಮಲಗಬಹುದು.